‘ಕೃಷ್ಣಾ ನೀ ಬೇಗನೆ ಬಾರೋ’: ಐದು ತಿಂಗಳು ಹಿಡಿದ ಒಂದು ಕವರ್

ನಾನು ಭರತನಾಟ್ಯಕ್ಕೆ ಹಾಡುವವಳು. ವೇದಿಕೆಯ ಪಕ್ಕದಲ್ಲಿ, ನಟ್ಟುವಾಂಗದವರ (ತಾಳ ತಟ್ಟಿ ನೃತ್ಯ ನಡೆಸುವವರ) ಜೊತೆ, ಒಂದು ಮೈಕ್ ಮುಂದಿಟ್ಟುಕೊಂಡು ಕೂತಿರುತ್ತಾರಲ್ಲ, ಅವರು. 16 ವರ್ಷದಿಂದ ಮೈಸೂರಿನಲ್ಲಿ ಇದೇ ಕೆಲಸ. ಇಷ್ಟು ವರ್ಷದಲ್ಲಿ ಅತಿ ಜಾಸ್ತಿ ಹಾಡಿದ್ದು ಯಾವುದು ಅಂತ ಕೇಳಿದರೆ ಯೋಚನೆ ಮಾಡುವುದೇ ಬೇಡ: ‘ಕೃಷ್ಣಾ ನೀ ಬೇಗನೆ ಬಾರೋ’. ರಂಗಪ್ರವೇಶಕ್ಕೂ ಅದು ಬೇಕು, ಕೃಷ್ಣಾಷ್ಟಮಿಗೂ ಬೇಕು, ದಸರಾ ಕಾರ್ಯಕ್ರಮಕ್ಕೂ ಬೇಕು.

ಕಳೆದ ವರ್ಷ ಗಿಟಾರ್ ನುಡಿಸುವ ಒಬ್ಬ ಹುಡುಗ ಬಂದು, ‘ಅಕ್ಕಾ, ಇದನ್ನ ನಾವಿಬ್ಬರೇ ಕವರ್ ಮಾಡೋಣ, ಒಂದು ಗಿಟಾರ್, ನಿಮ್ಮ ದನಿ, ಅಷ್ಟೇ’ ಅಂದ. ಕವರ್ ಅಂದರೆ ಇರುವ ಹಾಡನ್ನೇ ನಮ್ಮ ರೀತಿಯಲ್ಲಿ ಮತ್ತೆ ಹಾಡುವುದು. ನಿದ್ದೆಯಲ್ಲಿ ಎಬ್ಬಿಸಿದರೂ ಹಾಡುವ ಹಾಡು, ಒಂದು ವಾರದಲ್ಲಿ ಮುಗಿಯುತ್ತದೆ ಅಂತ ಒಪ್ಪಿಕೊಂಡೆ. ಐದು ತಿಂಗಳು ಹಿಡಿಯಿತು. ಅದು ಯಾಕೆ ಹಾಗಾಯಿತು, ಎಲ್ಲೆಲ್ಲಿ ಸಿಕ್ಕಿಕೊಂಡೆವು, ಹೇಗೆ ಬಿಡಿಸಿಕೊಂಡೆವು ಅಂತ ಬರೆಯುತ್ತಿದ್ದೇನೆ. ಇದೇ ಹಾಡನ್ನು ಕೈಗೆ ತೆಗೆದುಕೊಳ್ಳುವವರಿಗೆ ಉಪಯೋಗಕ್ಕೆ ಬರಬಹುದು.

ಕವರ್ ಅಂದ ಮೇಲೆ ಮೂಲ ಯಾವುದು ಅಂತ ನೋಡಬೇಕಲ್ವಾ? ಮೊದಲ ತೊಡಕು ಅಲ್ಲೇ. ಹಾಡು ಮಾಧ್ವ ಯತಿ ವ್ಯಾಸರಾಯರದ್ದು ಅಂತ ಪರಂಪರೆ ಹೇಳುತ್ತದೆ. ಅವರು ಹುಟ್ಟಿದ್ದು ಬನ್ನೂರಿನಲ್ಲಿ, ನಮ್ಮ ಮೈಸೂರಿನ ಪಕ್ಕದ್ದೇ ಊರು. ವಿಜಯನಗರದಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಹಳ ದೊಡ್ಡ ಹೆಸರು. ಪುರಂದರದಾಸರಿಗೂ ಕನಕದಾಸರಿಗೂ ಗುರು. 1539ರಲ್ಲಿ ತೀರಿಕೊಂಡರು, ಆನೆಗೊಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ, ನವಬೃಂದಾವನದಲ್ಲಿ ಅವರ ಬೃಂದಾವನ ಇದೆ. ಅಂದರೆ ಸಾಹಿತ್ಯಕ್ಕೆ ಸುಮಾರು 500 ವರ್ಷ. ಆದರೆ ಅವರು ಹೇಗೆ ಹಾಡಿದರೋ ಆ ಧಾಟಿ ನಮಗೆ ಉಳಿದಿಲ್ಲ. ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು, ಧಾಟಿ ದಾರಿಯಲ್ಲಿ ಬದಲಾಗುತ್ತಾ ಬಂತು. ಇವತ್ತು ನಾವೆಲ್ಲ ಹಾಡುವ ಯಮುನಾಕಲ್ಯಾಣಿ ರಾಗ, ಮಿಶ್ರಛಾಪು ತಾಳದ ಧಾಟಿ ಆಮೇಲಿನದು. ಹಾಗಾಗಿ ಈ ಹಾಡನ್ನು ಯಾರೇ ಹಾಡಿದರೂ ಅದು ಒಂದು ಕವರ್. ಮೂಲವನ್ನು ಯಾರೂ ಕೇಳಿಲ್ಲ.

ಇದು ಗೊತ್ತಾದಾಗ ನನಗೆ ಧೈರ್ಯ ಬಂತು. ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ಸಾಹಿತ್ಯ ಒಂದೇ ನಮ್ಮ ಕೈಯಲ್ಲಿ ಗಟ್ಟಿಯಾಗಿ ಉಳಿದಿರುವುದು, ಅದನ್ನು ಬಿಡಬಾರದು ಅಂತ ಆವತ್ತೇ ತೀರ್ಮಾನ ಮಾಡಿದೆ.

ಆಮೇಲೆ ಒಂದು ತಿಂಗಳು ಬರೀ ಕೇಳುವುದೇ ಕೆಲಸ. ಯೇಸುದಾಸ್ ಹಾಡಿದ್ದು, ಬೇರೆ ಬೇರೆ ಕಛೇರಿಗಳದ್ದು, ಭಜನೆ ಮಂಡಳಿಯವರದ್ದು, ಕೊಳಲು, ವೀಣೆ. ಅದರಲ್ಲಿ ಎರಡು ಮಾತ್ರ ನನ್ನನ್ನು ಹಿಡಿದು ಕೂರಿಸಿದವು.

ಒಂದು, ಭರತನಾಟ್ಯ ಕಲಾವಿದೆ ಬಾಲಸರಸ್ವತಿ ಅವರದ್ದು. ಸತ್ಯಜಿತ್ ರಾಯ್ 1976ರಲ್ಲಿ ಅವರ ಬಗ್ಗೆ ‘ಬಾಲ’ ಅಂತ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಸಮುದ್ರದ ದಂಡೆಯ ಮೇಲೆ ನಿಂತು ಈ ಹಾಡಿಗೆ ಅಭಿನಯ ಮಾಡುತ್ತಾರೆ. ಗಾಳಿಗೆ ಸೀರೆ ಹಾರುತ್ತಿರುತ್ತದೆ, ಹಿಂದೆ ಅಲೆ. ವಯಸ್ಸು 60ರ ಹತ್ತಿರ, ಮೈ ತುಂಬಿಕೊಂಡಿದೆ, ವೇದಿಕೆ ಇಲ್ಲ, ದೀಪ ಇಲ್ಲ. ಆದರೂ ಎದುರಿಗೆ ಮಗು ಇದೆ ಅಂತ ನಮಗೆ ಕಾಣುತ್ತದೆ. ವೀಣೆ ಧನಮ್ಮಾಳ್ ಅವರ ಮೊಮ್ಮಗಳು, ಮದರಾಸಿನವರು, ಮನೆ ಮಾತು ತಮಿಳು. ನಮ್ಮ ಕನ್ನಡದ ಹಾಡು ದೇಶವಿದೇಶದ ನೃತ್ಯಪ್ರಿಯರಿಗೆ ಪರಿಚಯ ಆಗಿದ್ದರಲ್ಲಿ ಅವರ ಪಾಲು ಬಹಳ ದೊಡ್ಡದು. ಇವತ್ತು ಯಾವ ಊರಿನ ನೃತ್ಯಶಾಲೆಗೆ ಹೋದರೂ ಈ ಹಾಡು ಇರುತ್ತದಲ್ಲ, ಆ ದಾರಿ ಹಾಕಿದವರು ಅವರು. ನಾನು ಹೊಟ್ಟೆಪಾಡಿಗೆ ಹಾಡುವ ಹಾಡಿಗೆ ನಾನು ಅವರಿಗೆ ಋಣಿ.

ಎರಡನೆಯದು ಕಲೋನಿಯಲ್ ಕಸಿನ್ಸ್ ಅನ್ನುವ ಗಾಯಕ ಜೋಡಿಯದ್ದು. ಹರಿಹರನ್ ಮತ್ತು ಲೆಸ್ಲಿ ಲೂಯಿಸ್, 1996. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಸಂಗೀತ ಪಾಠಕ್ಕೆ ಹೋಗುತ್ತಿದ್ದೆ, ಟಿವಿಯಲ್ಲಿ ಗಿಟಾರ್ ಜೊತೆ ‘ಕೃಷ್ಣಾ ನೀ ಬೇಗನೆ’ ಕೇಳಿ ಮೈ ಜುಮ್ಮೆಂದಿತ್ತು. ಈಗ ಮತ್ತೆ ಕೇಳಿದಾಗ ಬೇರೆಯೇ ಒಂದು ವಿಷಯ ಹೊಳೆಯಿತು. ಅವರ ಇಂಗ್ಲಿಷ್ ಸಾಲುಗಳು ಕೇಳಿಕೊಳ್ಳುವುದು ಏನನ್ನ? ಎಲ್ಲೆಲ್ಲೂ ಜಗಳ, ಕತ್ತಲೆ, ನೀನು ಯೇಸುವಾಗಿ ಬಾ, ರಾಮನಾಗಿ ಬಾ, ಅಲ್ಲಾ ಆಗಿ ಬಾ, ಯಾರಾಗಿಯಾದರೂ ಬಾ ಅಂತ. ಯಶೋದೆ ಮಗುವನ್ನು ಕರೆಯುವ ಹಾಡು ಅಲ್ಲಿ ಇಡೀ ಲೋಕ ದೇವರನ್ನು ಕರೆಯುವ ಹಾಡಾಗಿದೆ. ಕೆಲವರಿಗೆ ಅದು ಸರಿ ಬರಲಿಲ್ಲ. ನನಗೆ ತಪ್ಪು ಅನ್ನಿಸುವುದಿಲ್ಲ. ‘ತಾಯಿಗೆ ಬಾಯಲ್ಲಿ ಜಗವನ್ನು ತೋರಿದ’ ಅಂತ ಕೊನೆಯ ಚರಣದಲ್ಲಿ ವ್ಯಾಸರಾಯರೇ ಆ ಬಾಗಿಲು ತೆರೆದಿಟ್ಟಿದ್ದಾರೆ. ಅವರಿಬ್ಬರೂ ಆ ಬಾಗಿಲಿಂದ ಒಳಗೆ ಹೋದರು.

ಆದರೆ ನಾವು ಅದೇ ಬಾಗಿಲಿಂದ ಹೋಗುವುದು ಬೇಡ ಅನ್ನಿಸಿತು. ನನಗೆ ಬೇಕಾಗಿದ್ದು ‘ಬಾರೋ’. ಬಾ ಅಲ್ಲ, ಬನ್ನಿ ಅಲ್ಲ, ಬಾರೋ. ಮನೆಯ ಗಂಡುಮಗುವನ್ನು ಕರೆಯುವ ಹಾಗೆ ದೇವರನ್ನು ಕರೆಯುವುದು. ಸಂನ್ಯಾಸಿಯೊಬ್ಬರು ತಾಯಿಯಾಗಿ ಆ ಪದ ಬಳಸಿದ್ದಾರೆ. ಕನ್ನಡ ಬಲ್ಲ ನಾವು ಹಾಡುವಾಗ ಅದು ಕೇಳಿಸದಿದ್ದರೆ ನಾವು ಹಾಡಿ ಏನು ಪ್ರಯೋಜನ?

ಸಾಹಿತ್ಯ ಮುಂದಿಟ್ಟುಕೊಂಡು ಕೂತಾಗ ನಾಲ್ಕೈದು ಪುಸ್ತಕದಲ್ಲಿ ನಾಲ್ಕೈದು ಪಾಠ. ‘ಪೂಸಿದ ಶ್ರೀಗಂಧ ಮೈಯೊಳಗಮ್ಮ’ ಅಂತ ಹಾಡುವವರು ಜಾಸ್ತಿ. ‘ಮೈಯೊಳು ಘಮ ಘಮ’ ಅಂತಲೂ ಇದೆ. ಮೊದಲನೆಯದನ್ನು ನಾನು ಇಷ್ಟು ವರ್ಷ ಹಾಡಿಕೊಂಡು ಬಂದಿದ್ದೆ, ಅರ್ಥದ ಕಡೆ ಗಮನ ಕೊಟ್ಟಿರಲಿಲ್ಲ. ಗಂಧವನ್ನು ಪೂಸುವುದು ಮೈಮೇಲೆ, ಮೈಯೊಳಗೆ ಹೇಗೆ? ಮತ್ತೆ ಆ ‘ಅಮ್ಮ’ ಯಾರು? ಗೆಳತಿಗೆ ಹೇಳುತ್ತಿದ್ದಾಳೆ ಅಂತ ಬೇಕಾದರೆ ಅರ್ಥ ಮಾಡಿಕೊಳ್ಳಬಹುದು, ಆದರೆ ಹಾಡಿನ ಉಳಿದ ಕಡೆ ಗೆಳತಿ ಇಲ್ಲ. ಸ್ನಾನ ಮಾಡಿಸಿ ಗಂಧ ಹಚ್ಚಿದ ಮಗು ಹತ್ತಿರ ಬಂದಾಗ ಘಮ್ ಅನ್ನುತ್ತದಲ್ಲ, ಅದೇ ಸರಿ ಅನ್ನಿಸಿ ‘ಘಮ ಘಮ’ ಇಟ್ಟುಕೊಂಡೆ. ಶಾಸ್ತ್ರಕ್ಕೆ ಯಾವುದು ಸರಿಯೋ ಪಂಡಿತರು ಹೇಳಲಿ, ನನ್ನ ಬಾಯಿಗೆ ಇದು ಹತ್ತಿತು.

‘ನೀಲದ ಬಾವುಲಿ’ ಇನ್ನೊಂದು. ಅಭಿನಯದಲ್ಲಿ ಎಷ್ಟೋ ಹುಡುಗಿಯರು ಇದಕ್ಕೆ ಕೈಬಳೆ ತೋರಿಸುತ್ತಾರೆ. ನಮ್ಮ ಮನೆಯ ಹಿರಿಯರು ಬುಗುಡಿ, ಬಾವುಲಿ ಅಂತ ಒಟ್ಟಿಗೆ ಹೇಳುತ್ತಿದ್ದುದು ಕಿವಿಯ ಒಡವೆಗೆ. ಈಗ ಯಾರಾದರೂ ಮಣಿಕಟ್ಟು ಮುಟ್ಟಿದರೆ ನಾನು ತಾಲೀಮಿನಲ್ಲೇ ಹೇಳಿಬಿಡುತ್ತೇನೆ, ಕಿವಿ ತೋರಿಸಮ್ಮ ಅಂತ.

ಇನ್ನು ತಾಳ. ಮಿಶ್ರಛಾಪು ಅಂದರೆ ಏಳು ಎಣಿಕೆ, ಮೂರು ಮತ್ತು ನಾಲ್ಕು. ಗಿಟಾರ್ ಹುಡುಗನ ಕೈಗೆ ನಾಲ್ಕರ ಲೆಕ್ಕ ಅಭ್ಯಾಸ. ಮೊದಲ ವಾರ ಅವನು ಕೊನೆಗೆ ಒಂದು ಎಣಿಕೆ ಸೇರಿಸಿ ಎಂಟು ಮಾಡಿ ನುಡಿಸಿದ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು, ತೂಗುಯ್ಯಾಲೆಯ ಹಾಗೆ. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಒಂದು ನಿಲುಗಡೆ ಬಂದು, ‘ಬೇಗನೆ’ ಅನ್ನುವ ಮಾತಿನಲ್ಲಿ ಬೇಗವೇ ಇಲ್ಲ. ಏಳರಲ್ಲಿ ಎಷ್ಟೇ ನಿಧಾನ ಹಾಡಿದರೂ ಮುಂದಿನ ಸಾಲು ಸ್ವಲ್ಪ ಮುಂಚೆಯೇ ಬಂದು ಬಾಗಿಲು ತಟ್ಟುತ್ತದೆ, ಕೂರುವುದಕ್ಕೆ ಬಿಡುವುದಿಲ್ಲ. ತಾಯಿಯ ಕಳವಳ ಅಲ್ಲಿದೆ. ಅದಕ್ಕೆ ಗಿಟಾರ್ ಕೆಳಗಿಡಿಸಿ, ಸಂಜೆ ತಾರಸಿಯ ಮೇಲೆ ಇಬ್ಬರೂ ನಡೆಯುತ್ತಾ ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಅಂತ ಹೇಳಿದೆವು. ಎರಡು ವಾರ. ಮೂರನೇ ವಾರ ಅವನು ಎಣಿಸುವುದನ್ನೇ ಬಿಟ್ಟ, ಏಳು ತಾನಾಗಿ ಬಂತು.

ರಾಗದ ತೊಡಕು ಇದಕ್ಕಿಂತ ಜಾಸ್ತಿ. ಯಮುನಾಕಲ್ಯಾಣಿ ಕಲ್ಯಾಣಿಯಿಂದ ಹುಟ್ಟಿದ ರಾಗ, ಹಾಗಾಗಿ ಪ್ರತಿಮಧ್ಯಮ, ಅಂದರೆ ‘ಮ’ ಸ್ವರದ ಮೇಲಿನ ರೂಪ. ಆದರೆ ಇಳಿಯುವಾಗ ಅಲ್ಲಲ್ಲಿ ‘ಮ’ದ ಕೆಳಗಿನ ರೂಪ, ಶುದ್ಧಮಧ್ಯಮ, ಇಣುಕಿ ಹೋಗುತ್ತದೆ. ಹಿಂದುಸ್ತಾನಿ ಕೇಳುವವರಿಗೆ ಯಮನ್ ಕಲ್ಯಾಣ್ ಅಂದರೆ ಅಂದಾಜು ಸಿಗುತ್ತದೆ. ನನ್ನ ಪಾಠಾಂತರದಲ್ಲಿ ‘ಮುಖವನ್ನು ತೋರೋ’ ಇಳಿಯುವಾಗ ಆ ಸಣ್ಣ ಮಧ್ಯಮ ಬರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ನನ್ನ ಮಟ್ಟಿಗೆ ಇಡೀ ಹಾಡಿನ ಜೀವ ಅಲ್ಲಿದೆ.

ನನ್ನ ಶ್ರುತಿ, ಅಂದರೆ ಹಾಡುವ ಆಧಾರ ಸ್ವರ, ಐದೂವರೆ (ಜಿ ಶಾರ್ಪ್). ಅವನು ಮೊದಲ ಕಟ್ಟಿಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಜಿ ಕಾರ್ಡ್‌ನ ಆಕಾರದಲ್ಲಿ ನುಡಿಸುತ್ತಿದ್ದ. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸುವುದು. ಶುದ್ಧಮಧ್ಯಮ ಬಂದ ಕೂಡಲೇ ಅವನ ಬೆರಳು ಸಿ ಕಾರ್ಡ್‌ಗೆ ಓಡುತ್ತಿತ್ತು, ಗಿಟಾರ್ ಕಲಿತ ಯಾರ ಬೆರಳಾದರೂ ಹಾಗೇ ಓಡುತ್ತದೆ. ಆದರೆ ಕಾರ್ಡ್ ಬಿದ್ದ ತಕ್ಷಣ ಆ ಸ್ವರ ಬಂದು ಕುರ್ಚಿ ಹಾಕಿಕೊಂಡು ಕೂತುಬಿಡುತ್ತದೆ. ಇಣುಕಿ ಹೋಗಬೇಕಾದದ್ದು ಕೂರಬಾರದು. ಬಹಳ ಸಲ ಬದಲಿಸಿ ನೋಡಿ ಕೊನೆಗೆ ಆ ಜಾಗದಲ್ಲಿ ಕಾರ್ಡೇ ಬೇಡ ಅಂತ ಮಾಡಿದೆವು. ಬರೀ ಷಡ್ಜ ಪಂಚಮದ ಎರಡು ತಂತಿ, ತಂಬೂರಿಯ ಹಾಗೆ. ನಮ್ಮ ಕವರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಮೊದಲ ಸಲ ಒಂದು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದೆವು. ಹಾಡಿ ಬಂದೆವು, ನಾಲ್ಕು ದಿನದ ಮೇಲೆ ಫೈಲ್ ಬಂತು. ಕೇಳಿದರೆ ನನ್ನ ದನಿ, ಆದರೆ ನಾನು ಹಾಡಿದ್ದಲ್ಲ. ‘ತೋರೋ’ ಹತ್ತಿರ ಶುದ್ಧಮಧ್ಯಮವೇ ಮಾಯ. ಏನಾಗಿದೆ ಅಂದರೆ, ಸ್ವರ ತಿದ್ದುವ ‘ಆಟೋಟ್ಯೂನ್’ ಸಾಫ್ಟ್‌ವೇರ್‌ಗೆ ಯಾವ ಯಾವ ಸ್ವರ ಇರಬೇಕು ಅಂತ ಮೊದಲೇ ಗುರುತು ಹಾಕಿ ಕೊಡುತ್ತಾರೆ. ಅವರು ಕಲ್ಯಾಣಿಯ ಏಳು ಸ್ವರ ಗುರುತು ಹಾಕಿದ್ದಾರೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಅದು ತಪ್ಪು ಅಂತ ತಿಳಿದು ಪಕ್ಕದ ಸ್ವರಕ್ಕೆ ಎಳೆದು ಸೇರಿಸಿದೆ. ಗಮಕಗಳೂ (ಸ್ವರದ ಬಳುಕುಗಳು) ಇಸ್ತ್ರಿ ಹಾಕಿದ ಹಾಗೆ ನೆಟ್ಟಗಾಗಿದ್ದವು. ನನಗೆ ಅಳು ಬಂತು. ತಿದ್ದದ ಮೂಲ ಫೈಲ್ ಕೊಡಿ ಅಂದರೆ ಅಳಿಸಿಬಿಟ್ಟಿದ್ದೇವೆ ಅಂದರು. ಕರ್ನಾಟಕ ಸಂಗೀತ ಹಾಡುವವರು ದಯವಿಟ್ಟು ಇದೊಂದು ನೆನಪಿಡಿ: ಆಟೋಟ್ಯೂನ್ ಹಾಕಬೇಡಿ ಅಂತ ಮುಂಚೆಯೇ ಬಾಯಿ ಬಿಟ್ಟು ಹೇಳಿ, ಹಸಿ ಫೈಲ್ ಅವತ್ತೇ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ.

ಎರಡನೇ ಸಲ ಮನೆಯಲ್ಲೇ. ಒಳಗಿನ ಕೋಣೆ, ಕಿಟಕಿಗೆ ಎರಡು ರಜಾಯಿ, ಫ್ಯಾನ್ ಬಂದ್, ಬೆಳಗ್ಗೆ ಐದು ಗಂಟೆಗೆ. ಸ್ವರ ಸರಿ, ತಾಳ ಸರಿ, ಪದ ಸ್ಪಷ್ಟ. ಆದರೆ ‘ಬಾರೋ’ ಸಪ್ಪೆ. ಒಂಬತ್ತು ಟೇಕ್ ಆದರೂ ಸಪ್ಪೆಯೇ.

ಯಾಕೆ ಅಂತ ಅರ್ಥವಾಗಲು ಎರಡು ದಿನ ಬೇಕಾಯಿತು. ನೃತ್ಯಕ್ಕೆ ಹಾಡುವಾಗ ನಾನು ಆ ಒಂದು ಸಾಲನ್ನು ಹದಿನೈದು ಇಪ್ಪತ್ತು ಸಲ ಹಾಡುತ್ತೇನೆ, ಪ್ರತಿ ಸಲ ಬೇರೆ. ಕಲಾವಿದೆ ಕಂಬದ ಹಿಂದೆ ಬಗ್ಗಿ ನೋಡಿದರೆ ನನ್ನ ದನಿ ಸಣ್ಣಗಾಗುತ್ತದೆ. ಬೆಣ್ಣೆ ತೋರಿಸಿ ಕರೆದರೆ ಒಂದು ಆಸೆ ಹಚ್ಚುವ ದನಿ, ಬೆರಳೆತ್ತಿ ಗದರಿಸಿದರೆ ‘ಬಾ’ ಮೇಲೆ ಒತ್ತು, ಹೊಳೆಯ ಕಡೆ ಹೋಗಿಬಿಟ್ಟನೇನೋ ಅಂತ ಎದೆ ಹಿಡಿದುಕೊಂಡರೆ ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಇದನ್ನೆಲ್ಲ ನಾನು ಯೋಚಿಸಿ ಮಾಡುವುದಲ್ಲ, ಅವಳ ಕಣ್ಣು ನೋಡಿಕೊಂಡು ಮಾಡುವುದು. ಕೋಣೆಯಲ್ಲಿ ಎದುರಿಗಿದ್ದದ್ದು ಒಂದು ಮೈಕ್ ಮತ್ತು ರಜಾಯಿ. ಯಾರನ್ನು ಕರೆಯಲಿ?

ಸರಿ, ಹತ್ತು ವರ್ಷದಿಂದ ಯಾರ ನೃತ್ಯಕ್ಕೆ ಹಾಡುತ್ತಿದ್ದೇನೋ ಅಂಥ ಒಬ್ಬ ನರ್ತಕಿಗೆ ಫೋನ್ ಮಾಡಿದೆ. ಗೆಜ್ಜೆ ಬೇಡ, ಸಲ್ವಾರಿನಲ್ಲೇ ಬಾ, ಬರಿಗಾಲಲ್ಲಿ ಚಾಪೆಯ ಮೇಲೆ ನಿಂತು ಅಭಿನಯ ಮಾಡು, ಒಂದು ಶಬ್ದವೂ ಆಗಬಾರದು ಅಂತ ಕೇಳಿದೆ. ಬೆಳಗ್ಗೆ ನಾಲ್ಕೂವರೆಗೆ ಬಂದಳು. ನಾನು ಹಾಡಿದೆ, ಅವಳು ಕರೆದಳು. ಕೊನೆಯ ಚರಣದಲ್ಲಿ ಮಗುವಿನ ಬಾಯೊಳಗೆ ಬಗ್ಗಿ ನೋಡಿ ಅವಳು ಹಿಂದಕ್ಕೆ ಸರಿದಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಅದಾದ ಮೇಲೆ ‘ನಮ್ಮ ಉಡುಪಿ ಶ್ರೀಕೃಷ್ಣ’ ಅಂತ ಹಾಡಿದಾಗ ಆ ‘ನಮ್ಮ’ ಬಂದ ರೀತಿ ಅದುವರೆಗೆ ಯಾವತ್ತೂ ಬಂದಿರಲಿಲ್ಲ. ಲೋಕವೆಲ್ಲ ಬಾಯಲ್ಲಿ ಕಂಡ ಮೇಲೂ ಅವನು ನಮ್ಮವನೇ. ಮೊದಲ ಟೇಕೇ ಕೊನೆಯ ಟೇಕ್.

ಹಾಡು ಆರು ನಿಮಿಷದ ಮೇಲೆ ಸ್ವಲ್ಪ ಇದೆ. ಮೂರು ಚರಣವೂ ಇಟ್ಟಿದ್ದೇವೆ, ಪಲ್ಲವಿಯನ್ನು ಕೊನೆಯಲ್ಲಿ ಐದು ಸಲ ಬೇರೆ ಬೇರೆಯಾಗಿ ಹಾಡಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎರಡನೇ ಚರಣ ಮುಗಿದು ‘ತೋರೋ’ಗೆ ಇಳಿಯುವಾಗ, ಆ ಎರಡು ತಂತಿ ಮಾತ್ರ ಇರುವ ಜಾಗದಲ್ಲಿ, ಒಂದು ಸಣ್ಣ ಶಬ್ದ ಬರುತ್ತದೆ. ಅವಳ ಕೈಬಳೆ. ಎಲ್ಲ ತೆಗೆದಿಟ್ಟು ಬಂದಿದ್ದಳು, ಒಂದು ಗಾಜಿನ ಬಳೆ ಬಿಗಿಯಾಗಿದ್ದರಿಂದ ಕೈಯಲ್ಲೇ ಉಳಿದಿತ್ತು, ಅದು ಸದ್ದು ಮಾಡಿದೆ. ಹುಡುಗ ಅದನ್ನು ಅಳಿಸುತ್ತೇನೆ ಅಂದ, ಒಂದು ನಿಮಿಷದ ಕೆಲಸ ಅಂದ. ಬೇಡ, ಇರಲಿ ಅಂದೆ.