ಎಡೆ ಹೊಡೆಯುವ ಮುನ್ನ ಮುಂಗಾಲಿ ನೋಡಿಕೊಳ್ಳಿ

ಮೆಕ್ಕೆಜೋಳ ಮೊಣಕಾಲೆತ್ತರ ಬರುವುದರೊಳಗೆ ಎಡೆ ಹೊಡೆದು, ಅಂದರೆ ಸಾಲುಗಳ ನಡುವೆ ಕುಂಟೆ ಹಾಯಿಸಿ ಕಳೆ ತೆಗೆದು, ಮುಗಿಸಬೇಕು. ಎತ್ತಾದರೆ ಬಾಯಿಗೆ ಕುಕ್ಕೆ ಕಟ್ಟಿ ಹೊಲಕ್ಕೆ ಇಳಿಸಿದರಾಯಿತು. ಹಳೆಯ ಟ್ರ್ಯಾಕ್ಟರ್ ಇಳಿಸುವವರು ಮಾತ್ರ ಮೊದಲು ಎಡಬಲ ಗಾಲಿಗಳ ನಡುವಿನ ಅಗಲ ಹೊಂದಿಸಿಕೊಳ್ಳಬೇಕು. ಹಿಂಗಾಲಿ ಸಾಲಿನ ನಡುವೆ ಸರಿಯಾಗಿ ಹೋಗಿ, ಮುಂಗಾಲಿ ಪೈರು ತುಳಿದರೆ ಕುಂಟೆ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ಅಳತೆ ಟ್ರ್ಯಾಕ್ಟರಿನಿಂದಲ್ಲ, ಹೊಲದಿಂದ ಶುರುವಾಗಲಿ. ಎಡ ಟೈರಿನ ನಡುವಿನಿಂದ ಬಲ ಟೈರಿನ ನಡುವಿನವರೆಗಿನ ದೂರ ಸಾಲಿನ ಅಂತರದ ಎರಡು ಪಟ್ಟೋ ಮೂರು ಪಟ್ಟೋ ಇರಬೇಕು. 60 ಸೆಂ.ಮೀ. ಸಾಲಿಗೆ 120, 90 ಸೆಂ.ಮೀ. ಹತ್ತಿ ಸಾಲಿಗೆ 180, 45ರ ಸಾಲಿಗೆ 135. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಅದು ಎರಡೂ ಪಕ್ಕಕ್ಕೆ ಹಂಚಿಹೋಗುತ್ತದೆ.

ಅಮೆರಿಕದ ಮೆಕ್ಕೆಜೋಳ ಮತ್ತು ಹತ್ತಿಯ ಹೊಲಗಳಲ್ಲಿ ಇದಕ್ಕೆ ಬೇರೆಯೇ ಉಪಾಯ ಹೂಡಿದ್ದರು. 1924ರಲ್ಲಿ ಬಂದ ಫಾರ್ಮಾಲ್ ಟ್ರ್ಯಾಕ್ಟರಿಗೆ ಎರಡು ಮುಂಗಾಲಿಗಳನ್ನು ಒತ್ತೊತ್ತಾಗಿ ಮೂತಿಯ ಕೆಳಗೇ ಇಟ್ಟಿದ್ದರು. ನೋಡುವುದಕ್ಕೆ ಮೂರು ಗಾಲಿಯ ಸೈಕಲ್ಲು. ಎರಡು ಸಾಲುಗಳ ನಡುವೆ ಅದು ಸಲೀಸಾಗಿ ತೂರಿ ಹೋಗುತ್ತಿತ್ತು. ಆದರೆ ಹೊಟ್ಟೆಯಡಿ ಮೂರು ಸಾಲು ಬಂದರೆ ನಡುವಿನ ಸಾಲು ನೇರ ಮುಂಗಾಲಿಗೇ ಸಿಕ್ಕುತ್ತದೆ! ಮುಂಗಾಲಿಗಳನ್ನು ಎರಡು ಪಕ್ಕಕ್ಕೆ ದೂರ ಇಟ್ಟ ಅಗಲ ಆಕ್ಸಲ್‌ಗೆ ಆ ತಂಟೆಯಿಲ್ಲ, ಹಿಂಗಾಲಿಯ ಜಾಡಿನಲ್ಲೇ ಮುಂಗಾಲಿಯೂ ಹೋಗುತ್ತದೆ. ನಮ್ಮ ಹೊಲಗಳಲ್ಲಿ ಕಾಣುವ ಹಳೆಯ ಮ್ಯಾಸಿ ಫರ್ಗ್ಯುಸನ್‌ಗಳದು ಈ ಎರಡನೆಯ ಜಾತಿ. ಅವುಗಳ ಪೂರ್ವಜ, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ ತಯಾರಾದ ಫರ್ಗ್ಯುಸನ್ ಟಿಇ-20. ಅದರ ಆಕ್ಸಲ್ ಮೂರು ತುಂಡಿನದು. ನಡುತುಂಡಿಗೆ ಎರಡೂ ಕಡೆ ತೂತುಗಳುಳ್ಳ ತೋಳುಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಎರಡೂ ಪಕ್ಕ ಒಂದೊಂದು ತೂತು ಸರಿಸಿದರೆ ಅಗಲ 4 ಇಂಚು ಬದಲಾಗುತ್ತದೆ. ಕನಿಷ್ಠ ಅಗಲ 48 ಇಂಚು, ಅಂದರೆ ಸುಮಾರು 122 ಸೆಂ.ಮೀ.; ನಮ್ಮ 60ರ ಸಾಲಿಗೆ ಹೇಳಿ ಮಾಡಿಸಿದ ಹಾಗಿದೆ.

ಸರಿಸುವ ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಬಿಡಿ. ಬೆಳಿಗ್ಗೆ ಟ್ರ್ಯಾಕ್ಟರನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಹಿಂಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಇನ್ನೊಂದು ಮಾತು: ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೊಟ್ಟಿಲಿನಂತೆ ತೂಗುತ್ತದೆ. ಜ್ಯಾಕ್ ಕೊಡುವ ಮೊದಲು ಅದಕ್ಕೂ ಮೇಲಿನ ಚೌಕಟ್ಟಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯಿರಿ. ಮುಂಗಾಲಿ ಅಗಲವಾದರೆ ಟ್ರ್ಯಾಕ್ಟರ್ ಮಗುಚುವುದಿಲ್ಲ ಎಂದು ನಂಬಿದವರೂ ಈ ಪಿನ್ನನ್ನೊಮ್ಮೆ ನೋಡಬೇಕು. ಆಕ್ಸಲ್ ತನ್ನ ತಡೆಗೆ ತಾಗುವವರೆಗೆ ಗಾಡಿ ನಿಂತಿರುವುದು ಎರಡು ಹಿಂಗಾಲಿ ಮತ್ತು ಈ ಪಿನ್ನು, ಇಷ್ಟರ ಮೇಲೆಯೇ.

ಮೂತಿ ಎತ್ತಿದ ಮೇಲೆ ಜ್ಯಾಕನ್ನು ನಂಬಿ ಅಡಿಗೆ ನುಗ್ಗಬೇಡಿ, ದಪ್ಪ ದಿಮ್ಮಿ ಕೊಡಿ. ಒಂದು ಪಕ್ಕದ ಬೋಲ್ಟ್ ತೆಗೆದು ತೋಳನ್ನು ಬೇಕಾದ ತೂತಿಗೆ ಸರಿಸಿ, ಎಲ್ಲ ಬೋಲ್ಟ್‌ಗಳನ್ನೂ ಮರಳಿ ಬಿಗಿದು, ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಿ. ಬರದಿದ್ದರೆ ಮರದ ತುಂಡು ಒಡ್ಡಿ ಸುತ್ತಿಗೆಯಿಂದ ಬಡಿಯಿರಿ. ಟಿಇ-20ರ ತೋಳುಗಳು ಓರೆಯಾಗಿರುವುದರಿಂದ ಹೊರಗೆ ಸರಿದಂತೆ ತುಸು ಹಿಂದಕ್ಕೂ ಸರಿಯುತ್ತವೆ. ಹಾಗಾಗಿ ಸ್ಟೇರಿಂಗ್ ಕಂಬಿಗಳ ಉದ್ದ ಬದಲಿಸುವ ಗೋಜಿಲ್ಲ. ಇದನ್ನು ಯೋಚಿಸಿದವರ ತಲೆಗೆ ನಮಸ್ಕಾರ ಹೇಳಬೇಕು. ಆಕ್ಸಲ್ ನೆಟ್ಟಗಿದ್ದು ಎರಡು ಗಾಲಿಗಳನ್ನು ಒಂದೇ ಅಡ್ಡಕಂಬಿ ಜೋಡಿಸಿದ್ದರೆ, ಅಗಲ ಹೆಚ್ಚಿಸಿದಷ್ಟೇ ಆ ಕಂಬಿಯನ್ನೂ ಉದ್ದ ಮಾಡಬೇಕು.

ಗಾಡಿ ಇಳಿಸಿ ಬೆಣೆ ತೆಗೆದ ಮೇಲೆ ಟೋ-ಇನ್ ನೋಡಿ. ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ತುಸು ಒಳಗಿರಬೇಕು. ಸಾಮಾನ್ಯವಾಗಿ 6 ಮಿ.ಮೀ. ಒಳಗೇ, ನಿಮ್ಮ ಗಾಡಿಯ ಕೈಪಿಡಿ ಹೇಳಿದಷ್ಟು. ಸ್ಟೇರಿಂಗ್ ನೇರ ಹಿಡಿದು, ಎರಡೂ ಟೈರುಗಳ ನಡುಪಟ್ಟೆಯ ಮೇಲೆ ಮುಂದುಗಡೆ, ಗಾಲಿಯ ನಡುವಿನ ಗುಂಬದ ಎತ್ತರಕ್ಕೆ, ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಅಳೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿದರೆ ಅದೇ ಗೆರೆಗಳು ಹಿಂದಕ್ಕೆ ಬರುತ್ತವೆ, ಮತ್ತೆ ಅಳೆಯಿರಿ. ಒಂದೇ ಗುರುತನ್ನು ಎರಡು ಸಲ ಅಳೆಯುವುದರಿಂದ ಡೊಂಕಾದ ರಿಮ್ಮೂ ಲೆಕ್ಕ ಕೆಡಿಸುವುದಿಲ್ಲ. ಟೇಪಿಗೆ ಇಂಜಿನ್ ಅಡ್ಡ ಬಂದರೆ ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಗುರುತು ಮಾಡಿ ಅಳೆಯಿರಿ.

ಹಿಂಗಾಲಿಗೂ ಇದೇ ಅಗಲ ಬೇಕು. ಅದಕ್ಕಾಗಿ ರಿಮ್ ತಿರುಗಿಸಿ ಹಾಕುವಾಗ ಟೈರಿನ ಪಕ್ಕದ ಬಾಣದ ಗುರುತು ಮುಂದಕ್ಕೆ ಉರುಳುವ ದಿಕ್ಕಿಗೇ ಇರಲಿ.

ಹೊಲದಲ್ಲಿ ಮೊದಲ ಸಾಲನ್ನು ಕುಂಟೆ ಎತ್ತಿಕೊಂಡೇ ಹೋಗಿ, ಇಳಿದು ಜಾಡು ನೋಡಿ. ಬೋಲ್ಟ್‌ಗಳಿಗೆ ಅದೇ ದಿನ ಸಂಜೆ ಇನ್ನೊಮ್ಮೆ ಪಾನಾ ಹಾಕಿ. ಒಂದಾದರೂ ಕಾಲು ಸುತ್ತು ತಿರುಗುತ್ತದೆ.