ಶಾಯಿ ಬೆರೆಸಿದ ಬಕೆಟ್ ಮತ್ತು ಕೈಗಾದ ಪಾಠ

ಶಕ್ತಿನಗರ, ದೇವಸೂಗೂರಿನ ಮಕ್ಕಳಿಗೆ ವಿದ್ಯುತ್ ಎಂದರೆ ಕಲ್ಲಿದ್ದಲು, ಹಾರುಬೂದಿ, ಕೃಷ್ಣೆಯ ನೀರು. 1720 ಮೆಗಾವಾಟ್‌ನ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರ (ಆರ್‌ಟಿಪಿಎಸ್) ಅವರ ಕಣ್ಣೆದುರೇ ಇದೆ. ಅಣುಶಕ್ತಿಯ, ಅಂದರೆ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ ಮಾತು ಬಂದರೆ ಮಾತ್ರ ತರಗತಿಯಲ್ಲಿ ಭಯ ಕಾಣುತ್ತದೆ. "ಕೈಗಾದ ನೀರು ಮತ್ತೆ ಕಾಳಿ ನದಿಗೇ ಹೋಗುತ್ತದಲ್ಲ ಸರ್, ಕುಡಿದವರ ಗತಿ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬಾಯಿಮಾತಿನ ಸಮಾಧಾನ ಸಾಲದು.

ಫ್ರಿಜ್ ರಿಪೇರಿ ಅಂಗಡಿಯಿಂದ ತೆಳು ತಾಮ್ರದ ಕೊಳವೆ ತಂದು ಸುರುಳಿ ಸುತ್ತಿದೆ. ಅದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ನೀರಿಗೆ ನೀಲಿ ಶಾಯಿ ಸುರಿದೆ. ಸೀಟಿ ತೆಗೆದ ಕುಕ್ಕರಿನ ಉಗಿಯನ್ನು ರಬ್ಬರ್ ನಳಿಕೆಯ ಮೂಲಕ ಸುರುಳಿಗೆ ಹಾಯಿಸಿದೆ. ಇನ್ನೊಂದು ತುದಿಯಿಂದ ಲೋಟಕ್ಕೆ ಹನಿ ಹನಿಯಾಗಿ ನೀರು ಬಿತ್ತು, ಒಂದಿಷ್ಟೂ ನೀಲಿಯಿಲ್ಲದೆ. ಬಕೆಟ್ ಮುಟ್ಟಿ ನೋಡಿದವರಿಗೆ ಬಿಸಿ ತಾಗಿತು. ಶಾಖ ದಾಟಿತ್ತು, ನೀರು ದಾಟಿರಲಿಲ್ಲ.

ಆಮೇಲೆ ಕಪ್ಪುಹಲಗೆಯಲ್ಲಿ ಕೈಗಾ ಬರೆದೆ. 220 ಮೆಗಾವಾಟ್‌ನ ನಾಲ್ಕು ಘಟಕಗಳು. ಯುರೇನಿಯಂ ಇಂಧನವನ್ನು ತಾಗಿ ಹರಿಯುವುದು ಭಾರಜಲ, ಅಂದರೆ ಜಲಜನಕದ ಭಾರವಾದ ರೂಪದಿಂದಾದ ನೀರು. ಅದರ ಶಾಖದಿಂದ ಬೇರೊಂದು ಸುತ್ತಿನ ಸಾಮಾನ್ಯ ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಆ ಉಗಿಯನ್ನು ತಣಿಸುವುದು ಕಾಳಿ ನದಿಯ ಕದ್ರಾ ಜಲಾಶಯದ ನೀರು, ಅಂದರೆ ಮೂರನೆಯ ಸುತ್ತು. ಉಗಿಯನ್ನು ತಣಿಸಿ ನೀರಾಗಿಸುವ ನಿಜವಾದ ಕಂಡೆನ್ಸರಿನಲ್ಲಿ ತಣ್ಣೀರು ಕೊಳವೆಯೊಳಗೆ, ಉಗಿ ಹೊರಗೆ. ನಮ್ಮ ಬಕೆಟ್‌ಗೆ ತಿರುವುಮುರುವು. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಮಕ್ಕಳು ಚಿತ್ರವನ್ನು ತಪ್ಪಾಗಿ ಬರೆಯುತ್ತಾರೆ.

ಹಾಗೆಂದು ಏನೂ ಹೊರಬರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಭಾರಜಲದಲ್ಲಿ ಹುಟ್ಟುವ ಟ್ರಿಟಿಯಂ, ಅಂದರೆ ಜಲಜನಕದ ವಿಕಿರಣಶೀಲ ರೂಪ, ಅತ್ಯಲ್ಪ ಪ್ರಮಾಣದಲ್ಲಿ ಹೊರಹೋಗುತ್ತದೆ. ಅದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ಮಿತಿ ಹಾಕಿದೆ, ನೀರು, ಮೀನು, ಮಣ್ಣಿನ ತಪಾಸಣೆಯೂ ನಡೆಯುತ್ತದೆ. ಮಕ್ಕಳಿಗೆ ಅರ್ಧ ಸತ್ಯ ಹೇಳಿದರೆ ಉಳಿದರ್ಧವನ್ನು ವದಂತಿ ತುಂಬುತ್ತದೆ.

ಬಕೆಟ್‌ನ ಬಿಸಿಯನ್ನು ಹಿಡಿದು ಒಬ್ಬ ಹುಡುಗಿ, "ಹಾಗಾದರೆ ಮೀನುಗಳಿಗೆ?" ಎಂದು ಕೇಳಿದಳು. ನನಗೆ ಬೇಕಿದ್ದದ್ದು ಆ ಪ್ರಶ್ನೆಯೇ. ರಿಯಾಕ್ಟರಿನ ಶಾಖದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ವಿದ್ಯುತ್ ಆಗದೆ ತಣಿಸುವ ನೀರಿಗೆ ಸೇರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ನಮ್ಮ ಆರ್‌ಟಿಪಿಎಸ್‌ನಲ್ಲಿ ಕೂಲಿಂಗ್ ಟವರ್‌ಗಳು ಆ ಶಾಖವನ್ನು ಗಾಳಿಗೆ ಬಿಡುತ್ತವೆ. ಅವುಗಳಿಂದ ಮೇಲೇಳುವ ಬಿಳಿ ಮೋಡ ಹೊಗೆಯಲ್ಲ, ನೀರಾವಿ ತಣಿದು ಆದ ಸಣ್ಣ ಹನಿಗಳು. ಕೈಗಾದ ಈ ನಾಲ್ಕು ಘಟಕಗಳಲ್ಲಿ ಅದನ್ನು ಜಲಾಶಯವೇ ಹೊರುತ್ತದೆ.

ಪ್ರಯೋಗ ಮಾಡುವ ಶಿಕ್ಷಕರು ಮೊದಲು ಸುರುಳಿಯೊಳಗೆ ಊದಿ, ಅದು ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕುಕ್ಕರ್ ನಿಮ್ಮ ಉಸ್ತುವಾರಿಯಲ್ಲೇ ಇರಲಿ, ಮಕ್ಕಳು ಲೋಟ ಹಿಡಿಯಲಿ.