ಟ್ಯೂಬ್ ಆಂಪ್ ಗುಂಯ್ ಅಂತಿದೆಯಾ?

ಒಂದು ಸಂಜೆ ನನ್ನ 15 ವ್ಯಾಟ್ ಟ್ಯೂಬ್ ಆಂಪ್ (ಗಾಜಿನ ವ್ಯಾಕ್ಯೂಮ್ ಟ್ಯೂಬುಗಳಿರುವ ಗಿಟಾರ್ ಆಂಪ್ಲಿಫೈಯರ್) ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅನ್ನತೊಡಗಿತು. ಸುಮ್ನೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ಮೊದಲು ಗಿಟಾರ್ ಕೇಬಲ್ಲನ್ನು ಆಂಪಿನಿಂದ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಆಂಪಿನದ್ದಲ್ಲ. ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯದ್ದು ಆದರೆ ಗಿಟಾರ್ ಹಿಡಿದು ನಿಂತಲ್ಲೇ ತಿರುಗಿ, ಒಂದು ದಿಕ್ಕಿನಲ್ಲಿ ಗುಂಯ್ ಕಡಿಮೆಯಾಗುತ್ತದೆ. ಫ್ಯಾನ್ ರೆಗ್ಯುಲೇಟರನ್ನೂ ಆಫ್ ಮಾಡಿ ನೋಡಿ. ಒಮ್ಮೆ ಅದೇ ಕಳ್ಳ ಆಗಿತ್ತು!

ಕೇಬಲ್ ಕಿತ್ತರೂ ಸದ್ದಿದೆಯಾ? ವಾಲ್ಯೂಮ್ ಸೊನ್ನೆಗೆ ತನ್ನಿ. ಆಗ ನಿಂತರೆ ವಾಲ್ಯೂಮಿಗಿಂತ ಮುಂಚಿನ ಪ್ರಿಆಂಪ್ ಟ್ಯೂಬ್ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಟ್ಯೂಬ್) ಮೇಲೆ ಅನುಮಾನ ಪಡಿ. ನನ್ನದು ಹೀಗೇ ಇತ್ತು. ಪೆನ್ಸಿಲ್ ತುದಿಯಿಂದ ಮೊದಲ ಪ್ರಿಆಂಪ್ ಟ್ಯೂಬನ್ನು (12ಎಎಕ್ಸ್7 ಮಾದರಿ) ಮೆಲ್ಲಗೆ ತಟ್ಟಿದೆ. ಸ್ಪೀಕರಿನಲ್ಲಿ ಲೋಟ ಬಿದ್ದ ಹಾಗೆ ಠಣ್ ಅಂತು, ಅಂದರೆ ತಪ್ಪು ಆ ಟ್ಯೂಬಿನದ್ದೇ. ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾದ ಮೇಲೆ ಬದಲಾಯಿಸಿದೆ.

ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಇದ್ದರೆ ಸ್ಪೀಕರಿಗೆ ಬಲ ಕೊಡುವ ಪವರ್ ಟ್ಯೂಬ್ ಅಥವಾ ಒಳಗಿನ ಕರೆಂಟಿನ ಏರಿಳಿತ ತಗ್ಗಿಸುವ ಹಳೇ ಫಿಲ್ಟರ್ ಕೆಪಾಸಿಟರ್ ಕಾರಣ ಇರಬಹುದು. ನಮ್ಮ ಕರೆಂಟು 50 ಹರ್ಟ್ಸ್. ಕೆಪಾಸಿಟರ್ ಸೋತರೆ ಸಾಮಾನ್ಯವಾಗಿ ಕೇಳುವುದು ಅದರ ಎರಡರಷ್ಟು, 100 ಹರ್ಟ್ಸ್. ಇಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್ ಉಳಿದಿರಬಹುದು. ತಿಳಿದವರ ಕೈಗೆ ಕೊಡಿ. ಸದ್ದು ಹೋಗುತ್ತೆ ಅಂತ ಅರ್ತ್ ಪಿನ್ ಕಿತ್ತರಂತೂ ಜೀವಕ್ಕೇ ಅಪಾಯ.

ನನ್ನ ಹಳೇ ಟ್ಯೂಬ್? ಕೊನೆಯ ಪ್ರಿಆಂಪ್ ಸಾಕೆಟ್ಟಿನಲ್ಲಿ ತೆಪ್ಪಗೆ ಕೂತಿದೆ. ಅಲ್ಲಿ ಅದರ ಗಲಾಟೆ ಕೇಳಿಸುವುದೇ ಇಲ್ಲ.